ಬಳೆ ರಾಮಲಕ್ಷ್ಮಮ್ಮನ ಹೆಬ್ಬೆರಳು

ಹಲಸೂರಿನ ಸೋಮೇಶ್ವರ ಗುಡಿಯ ಹಿಂದಿನ ಸಂದಿಯಲ್ಲಿ, ಹಿಟ್ಟಿನ ಗಿರಣಿಗೂ ಹೊಲಿಗೆ ಅಂಗಡಿಗೂ ನಡುವೆ, ಮೂರು ಮೊಳ ಅಗಲದ ಒಂದು ಬಳೆ ಅಂಗಡಿಯಿತ್ತು. ಅದರ ಒಡತಿ ರಾಮಲಕ್ಷ್ಮಮ್ಮನಿಗೆ ಹೆಂಗಸರ ಮುಖ ನೆನಪಿರುತ್ತಿರಲಿಲ್ಲ, ಕೈ ನೆನಪಿರುತ್ತಿತ್ತು. ದಾರಿಯಲ್ಲಿ ಯಾರಾದರೂ "ಚೆನ್ನಾಗಿದೀರಾ ಬಳೆ ಅಕ್ಕ?" ಎಂದರೆ ಒಂದು ಗಳಿಗೆ ಮಿಕಿಮಿಕಿ ನೋಡುತ್ತಿದ್ದಳು. ಕಣ್ಣು ಅವರ ಮಣಿಕಟ್ಟಿಗೆ ಇಳಿದ ಕೂಡಲೇ, "ಓ, ಎರಡು-ಆರು! ಬಲಗೈ ಗೆಣ್ಣು ದಪ್ಪ. ಮಗು ಹೇಗಿದೆಯಮ್ಮ?" ಎನ್ನುತ್ತಿದ್ದಳು.

ಅವು ಗಾಜಿನ ಬಳೆಯ ಅಳತೆಗಳು. ಎರಡು-ನಾಲ್ಕು ಎಂದರೆ ಎಳೆಯ ಸಣಕಲು ಕೈ. ಎರಡು-ಆರು ಸಂಸಾರದ ಕೈ. ಎರಡು-ಎಂಟು ಮೈ ತುಂಬಿದವರದು. ಎರಡು-ಹತ್ತು ಕೇಳಿದರೆ ಶಿವಾಜಿನಗರದ ಸಗಟು ವ್ಯಾಪಾರಿ ಅಸ್ಗರ್ ಕೂಡ ಏಣಿ ಹಾಕಿ ಅಟ್ಟದ ಮೇಲೆ ಹುಡುಕಬೇಕು. ರಾಮಲಕ್ಷ್ಮಮ್ಮನಿಗೆ ಅಕ್ಷರ ಬಾರದು, ಅಂಕಿ ಬರುತ್ತಿತ್ತು. ಆ ಅಂಕಿಯಲ್ಲೇ ಸುತ್ತಲ ಬೀದಿಗಳ ಹೆಂಗಸರ ಬಾಳೆಲ್ಲ ಅವಳ ತಲೆಯಲ್ಲಿ ಕೂತಿತ್ತು. ಮದುವೆಯಲ್ಲಿ ಎಷ್ಟಿದ್ದಳು, ಮೊದಲ ಬಸಿರಲ್ಲಿ ಎಷ್ಟಾದಳು, ಕಾಯಿಲೆಯಲ್ಲಿ ಎಷ್ಟು ಇಳಿದಳು, ಎಲ್ಲ.

ಬಳೆ ತೊಡಿಸುವುದಕ್ಕೂ ಅವಳದೇ ಒಂದು ಕ್ರಮ. ಮೊದಲು ಸೋಪಿನ ನೀರು. ಆಮೇಲೆ ತನ್ನ ಹೆಬ್ಬೆರಳಿಂದ ಅವರ ಮಣಿಕಟ್ಟಿನ ಮೇಲೆ ಒಮ್ಮೆ ಅದುಮಿ ಬಿಡುವುದು, ಚಪಾತಿ ಹಿಟ್ಟಿನ ಹದ ನೋಡುವ ಹಾಗೆ. ಮಾಂಸ ಎಷ್ಟು ಬೇಗ ಮೇಲೆದ್ದು ಬರುತ್ತದೆ ಎನ್ನುವುದರ ಮೇಲೆ ಯಾವ ಬಳೆ, ಎಷ್ಟು ಜೋರು ಎಂದು ತಿಳಿಯುತ್ತಿತ್ತು. ಅದಾದ ಮೇಲೆ ನಾಲ್ಕು ಬೆರಳು ಮಡಿಸಿ, ಹೆಬ್ಬೆರಳನ್ನು ಅಂಗೈ ಗುಳಿಗೆ ಒತ್ತಿ, ಮಾತಾಡಿಸುತ್ತಾ ಮಾತಾಡಿಸುತ್ತಾ ಬಳೆ ದಾಟಿಸಿಬಿಡುತ್ತಿದ್ದಳು. ನೋವೆಂದು ಯಾರೂ ಕೂಗಿದ್ದಿಲ್ಲ.

ಗಂಡ ಮುನಿಶಾಮಿ ವಿಮಾನಪುರದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡಿಗೆಯವನು. ಭಾನುವಾರ ಅಂಗಡಿಗೆ ಬಂದು ಕೂತು ಕಾಲೆಳೆಯುತ್ತಿದ್ದ.

"ಊರೋರ ಅಳತೆಯೆಲ್ಲಾ ಹೇಳ್ತೀಯ. ನಂದೆಷ್ಟೇ?"

"ಗಂಡಸ್ರ ಕೈಗೆ ನಮ್ಮಲ್ಲಿ ಅಳತೆ ಇಲ್ಲ. ಪೊಲೀಸ್ ಸ್ಟೇಷನ್ನಲ್ಲಿ ಇರ್ತದೆ, ಹೋಗಿ ಕೇಳಿ."

ಸಾವಿರದ ಒಂಬೈನೂರ ತೊಂಬತ್ತೆರಡರಲ್ಲಿ, ಪಕ್ಕದ ಸಂದಿಯ ಅಲಮೇಲು ಎಂಟು ತಿಂಗಳ ಬಸುರಿ. ಎರಡು-ಆರು ಇದ್ದವಳು. ಬಸಿರಾದ ಮೇಲೆ ಕೈತುಂಬ ಹಸಿರು ಬಳೆ ಹಾಕಿಸಿಕೊಂಡು, ನೀರಿಗೆ ಹೋದರೆ ಗಲಗಲ, ಬಟ್ಟೆ ಒಗೆದರೆ ಗಲಗಲ. ಒಂದು ಗುರುವಾರ ಬೆಳಿಗ್ಗೆ ರಾಮಲಕ್ಷ್ಮಮ್ಮ ತಲೆ ಬಗ್ಗಿಸಿ ಬಳೆ ಪೋಣಿಸುತ್ತಿದ್ದಳು. ಅಂಗಡಿಯ ಮುಂದೆ ಒಂದು ನೆರಳು ಹಾದುಹೋಯಿತು. ನೆರಳಷ್ಟೇ. ಸದ್ದಿಲ್ಲ. ತಲೆ ಎತ್ತಿ ನೋಡಿದರೆ ಅಲಮೇಲು ಕೊಡ ಹೊತ್ತು ಆಗಲೇ ಮೂಲೆ ದಾಟುತ್ತಿದ್ದಳು. ಎರಡೂ ಕೈಯಲ್ಲಿ ಡಜನ್ ಗಾಜಿನ ಬಳೆ, ಒಂದಕ್ಕೊಂದು ತಾಗದೆ, ಮಾಂಸದಲ್ಲಿ ಹುದುಗಿ ಕೂತಿದ್ದವು. ಕರೆದು ಕೇಳಬೇಕೆನಿಸಿತು. ಅಷ್ಟರಲ್ಲಿ ಗಿರಾಕಿ ಬಂದಳು. ಕೇಳಲಿಲ್ಲ.

ಶನಿವಾರ ಅಲಮೇಲುವಿಗೆ ಕೈಕಾಲು ಸೆಟೆದುಕೊಂಡವು. ಗಾಳಿ ಸೋಕಿದೆ ಎಂದರು. ಕೈಯಲ್ಲಿ ಕಬ್ಬಿಣದ ಬೀಗದಕೈ ಹಿಡಿಸಿದರು, ಬೇವಿನ ಸೊಪ್ಪು ನಿವಾಳಿಸಿದರು. ಮಧ್ಯಾಹ್ನದ ಹೊತ್ತಿಗೆ ತಾಯಿಯೂ ಇಲ್ಲ, ಹೊಟ್ಟೆಯೊಳಗಿನದೂ ಇಲ್ಲ.

ಮುತ್ತೈದೆ ಸತ್ತರೆ ಹೊಸ ಹಸಿರು ಬಳೆ ತೊಡಿಸಿ ಕಳಿಸಬೇಕು. ರಾಮಲಕ್ಷ್ಮಮ್ಮನನ್ನು ಕರೆಸಿದರು. ಅವಳು ಎರಡು-ಹತ್ತರ ಹನ್ನೆರಡು ಬಳೆ ಹಿಡಿದುಕೊಂಡು ಹೋದಳು, ಕೈಗೆ ಆರಾರು. ಅಭ್ಯಾಸಬಲ, ಮೊದಲು ಹೆಬ್ಬೆರಳಿಂದ ಮಣಿಕಟ್ಟು ಅದುಮಿದಳು. ಬೆರಳು ತೆಗೆದಳು. ಬೆರಳಿದ್ದ ಜಾಗದಲ್ಲಿ ಗುಳಿ ಹಾಗೇ ನಿಂತಿತು, ಅರ್ಧ ಹುಣಸೆ ಬೀಜ ಹಿಡಿಯುವಷ್ಟು. ಏಳಲಿಲ್ಲ. ಅವಳು ನೋಡುತ್ತಾ ಕೂತಳು, ಏಳಲಿಲ್ಲ. ಸತ್ತವರ ಮೈ ಹೀಗೇ ಇರುತ್ತದೇನೋ ಎಂದುಕೊಂಡಳು. ಎಡಗೈಗೆ ಆರು ಬಳೆ ಹೋದವು. ಬಲಗೈಗೆ ಐದು. ಹನ್ನೆರಡನೆಯದು ಏನು ಮಾಡಿದರೂ ಹೋಗಲಿಲ್ಲ. "ಬಿಡಮ್ಮಾ, ಹೊತ್ತಾಯ್ತು" ಎಂದರು ಗಂಡಸರು.

ಆ ಒಂದು ಬಳೆ ಅವಳ ಜೊತೆ ಅಂಗಡಿಗೆ ಬಂತು. ಹೆಣಕ್ಕೆಂದು ತಂದದ್ದನ್ನು ಮಾರುವ ಹಾಗಿಲ್ಲ. ಒಡೆಯಲೂ ಮನಸ್ಸು ಬರಲಿಲ್ಲ. ಒಳಗೋಡೆಯ ಮೊಳೆಗೆ ನೇತುಹಾಕಿದಳು. ಒಂಟಿ ಬಳೆ, ತಾಗುವುದಕ್ಕೆ ಇನ್ನೊಂದಿಲ್ಲ, ಹಾಗಾಗಿ ಸದ್ದೂ ಇಲ್ಲ. ಆದರೆ ಆ ಗುಳಿ ಅವಳ ಹೆಬ್ಬೆರಳಲ್ಲೇ ಉಳಿದುಹೋಯಿತು. ಅನ್ನ ಕಲಸುವಾಗ, ಬಟ್ಟೆ ಹಿಂಡುವಾಗ, ಬೆರಳಿನ ತುದಿಗೆ ಏನೋ ತಣ್ಣಗೆ ಒಳಕ್ಕೆ ಕುಸಿದ ಹಾಗೆ.

ಆರು ವರ್ಷದ ಮೇಲೆ ಮುನಿಶಾಮಿ ಎದೆನೋವು ಎಂದು ಕೂತವನು ಏಳಲಿಲ್ಲ. ಹತ್ತನೆಯ ದಿನ ಅವಳ ಬಳೆ ಹೋದವು. ಅಂದಿನಿಂದ ಅವಳು ಬಳೆ ಮಾರಬಹುದಾಗಿತ್ತು, ತೊಡಿಸುವ ಹಾಗಿರಲಿಲ್ಲ. ವಿಧವೆಯ ಕೈಯಿಂದ ಯಾರು ತೊಟ್ಟಾರು? ಗಿರಾಕಿಗಳು ಕಾಗದದಲ್ಲಿ ಸುತ್ತಿಸಿಕೊಂಡು ಹೋಗಿ ಮನೆಯಲ್ಲಿ ತಾವೇ ಹಾಕಿಕೊಳ್ಳುತ್ತಿದ್ದರು, ಅರ್ಧ ಒಡೆದುಕೊಳ್ಳುತ್ತಿದ್ದರು. ಅವಳನ್ನು ಕರೆಯುತ್ತಿದ್ದದ್ದು ಬೇರೆ ಕೆಲಸಕ್ಕೆ. ಗಂಡ ಸತ್ತವಳ ಬಳೆ ತೆಗೆಯಬೇಕಾದಾಗ. ಅದನ್ನೂ ಅವಳು ಅಚ್ಚುಕಟ್ಟಾಗಿ ಮಾಡುತ್ತಿದ್ದಳು. ಕಲ್ಲಿಗೆ ಕುಟ್ಟಿಸುತ್ತಿರಲಿಲ್ಲ. ಒದ್ದೆ ಬಟ್ಟೆ ಸುತ್ತಿ, ಎರಡು ಬೆರಳ ನಡುವೆ ಹಿಡಿದು ಹೊರಮುಖವಾಗಿ ಅದುಮಿದರೆ, ಪಟ್ ಎಂದು ಬಟ್ಟೆಯೊಳಗೇ ಒಡೆಯುತ್ತಿತ್ತು. ಒಂದು ಗೀರು ಬೀಳುತ್ತಿರಲಿಲ್ಲ.

"ನಿನ್ ಕೈ ಒಳ್ಳೇದು ಅಮ್ಮಾ, ಕೆಲ್ಸ ಮಾತ್ರ ಖರಾಬು ಸಿಕ್ತು ನೋಡು," ಎಂದಿದ್ದ ಅಸ್ಗರ್, ಬಳೆಯ ಪೆಟ್ಟಿಗೆ ಕಟ್ಟಿಕೊಡುತ್ತಾ.

ಎರಡು ಸಾವಿರದ ಮೂರರಲ್ಲಿ ಎದುರು ಬೀದಿಗೆ ಡಾಕ್ಟರ್ ಯಮುನಾ ಬಂದು ಸಣ್ಣದೊಂದು ಹೆರಿಗೆ ಕ್ಲಿನಿಕ್ ಇಟ್ಟರು. ಒಂದು ದಿನ ಅಂಗಡಿಯ ಮುಂದೆ ಚಪ್ಪಲಿ ಬಿಟ್ಟು ಒಳಗೇ ಬಂದು ಕೂತರು.

"ಅಮ್ಮಾ, ನನ್ನ ಪೇಷಂಟ್ ಒಬ್ಬಳನ್ನ, ಬಸಿರಿಗೆ ಮುಂಚೆ ಎಷ್ಟು ತೂಕ ಇದ್ದೆ ಅಂತ ಕೇಳಿದ್ರೆ, ಬಳೆ ಅಕ್ಕನ್ನ ಕೇಳಿ ಅಂತಾಳೆ. ಏನಿದು?"

ರಾಮಲಕ್ಷ್ಮಮ್ಮ ನಕ್ಕಳು. "ಯಾರು ತೂಗಿರ್ತಾರೆ ತಾಯಿ ನಮ್ಮನ್ನ? ಅಕ್ಕಿ ಮೂಟೆಯಾ? ಬಳೆ ಅಳತೆ ಮಾತ್ರ ಎಲ್ರದ್ದೂ ಇದೆ. ಹೆಸರು ಹೇಳಿ."

ಡಾಕ್ಟರಮ್ಮ ಒಂಬತ್ತು ಹೆಸರು ಹೇಳಿದರು. ಒಂಬತ್ತಕ್ಕೂ ಮದುವೆಯ ಅಳತೆ ಬಂತು. ಅಂದಿನಿಂದ ತಿಂಗಳಿಗೊಮ್ಮೆ ಬರುವುದು, ಪುಸ್ತಕದಲ್ಲಿ ಬರೆದುಕೊಳ್ಳುವುದು ರೂಢಿಯಾಯಿತು. ಮೈ ತುಂಬಿದ ಬಸುರಿಯರಿಗೆ ಸಕ್ಕರೆ, ಬಿಪಿ ಯಾಕೆ ಹೆಚ್ಚು ಬರುತ್ತದೆ ಎಂದು ಅವರು ನೋಡುತ್ತಿದ್ದರು.

"ಕೊಬ್ಬು ಅಂದ್ರೆ ಡಬ್ಬಿಯಲ್ಲಿ ತುಂಬಿಟ್ಟ ತುಪ್ಪ ಅಂತ ನಾವೂ ಓದಿದ್ವಿ ಅಮ್ಮಾ. ಸುಮ್ನೆ ಕೂತಿರತ್ತೆ ಅಂತ. ಈಗ ಗೊತ್ತಾಗಿದೆ, ಅದು ಸುಮ್ನೆ ಕೂತಿರಲ್ಲ. ತಾನೇ ರಸ ಮಾಡಿ ರಕ್ತಕ್ಕೆ ಬಿಡತ್ತೆ. ಹಾರ್ಮೋನು ಅಂತೀವಿ. ಒಂದು ರಸ, ಹೊಟ್ಟೆ ತುಂಬ್ತು, ಸಾಕು ಅಂತ ತಲೆಗೆ ಹೇಳಿ ಕಳಿಸತ್ತೆ. ಇನ್ನೊಂದು, ಸಕ್ಕರೆ ಹದ್ದಲ್ಲಿ ಇಡತ್ತೆ, ರಕ್ತದ ನಾಳ ಕಾಯತ್ತೆ."

"ಒಳ್ಳೇದೇ ಅಲ್ವಾ?"

"ಹದವಾಗಿದ್ರೆ ಒಳ್ಳೇದು. ಕೊಬ್ಬು ಜಾಸ್ತಿಯಾದ್ರೆ ಆ ಸಾಕು ಅನ್ನೋದು ಕೂಗಾಗತ್ತೆ. ಬಸಿರಲ್ಲಿ ಮಗುವಿನ ಮಾಸು ಕೂಡ ಸೇರ್ಕೊಂಡು ಅದನ್ನೇ ಕೂಗತ್ತೆ. ಹಗಲೂ ರಾತ್ರಿ ಕೂಗಿದ್ರೆ ಯಾರು ಕಿವಿಗೆ ಹಾಕ್ಕೋತಾರೆ? ತಲೆ ಕೇಳೋದೇ ಬಿಟ್ಬಿಡತ್ತೆ. ಕಾಯೋ ರಸ ಮಾತ್ರ ಕಮ್ಮಿಯಾಗ್ತಾ ಹೋಗತ್ತೆ. ಆಗ ಸಕ್ಕರೆ ಏರತ್ತೆ, ನಾಳ ಬಿಗಿಯತ್ತೆ, ಕೆಲವರಿಗೆ ಫಿಟ್ಸ್ ಕೂಡ. ದಪ್ಪ ಇರೋರಿಗೆಲ್ಲಾ ಬರತ್ತೆ ಅಂತಲ್ಲ, ಸಣ್ಣಗಿರೋರಿಗೆ ಬರಲ್ಲ ಅಂತಲೂ ಅಲ್ಲ. ಇನ್ನೂ ಪೂರ್ತಿ ತಿಳಿದಿಲ್ಲ ನಮಗೆ."

ರಾಮಲಕ್ಷ್ಮಮ್ಮನ ಕೈ ನಿಂತಿತು. "ಫಿಟ್ಸ್ ಬರೋಕ್ಮುಂಚೆ ಕೈ ಹೇಗಿರ್ತದೆ ತಾಯಿ?"

"ಕಾಲು ಬಾವು ಎಲ್ರಿಗೂ ಬರತ್ತೆ. ಕೈ, ಮುಖ ಇದ್ದಕ್ಕಿದ್ದ ಹಾಗೆ ಊದಿ, ತಲೆ ಸಿಡಿದು, ಕಣ್ಣಮುಂದೆ ಕಿಡಿ ಹಾರಿದ ಹಾಗಾದ್ರೆ ಒಂದು ಗಳಿಗೆಯೂ ಕಾಯಬಾರದು. ಹಿಡೀರಿ ನೋಡೋಣ," ಎಂದು ಡಾಕ್ಟರಮ್ಮ ತಮ್ಮ ಹೆಬ್ಬೆರಳಿಂದ ರಾಮಲಕ್ಷ್ಮಮ್ಮನ ಮಣಿಕಟ್ಟು ಅದುಮಿದರು. "ಹೀಗೆ ಅದುಮಿದ್ರೆ ಗುಳಿ ಬಿದ್ದು ಏಳೋದೇ ಇಲ್ಲ."

ಹಾಗಾದರೆ ಅದು ಸಾವಿನ ಗುಳಿಯಲ್ಲ. ಬದುಕಿದ್ದಾಗಲೇ ಬಿದ್ದಿರುತ್ತಿತ್ತು. ಆ ಗುರುವಾರ ಕರೆದು ಕೈ ಹಿಡಿದಿದ್ದರೆ ಸಿಕ್ಕಿರುತ್ತಿತ್ತು. ಡಾಕ್ಟರಮ್ಮ ಹೋದ ಮೇಲೆ ಅವಳು ಅಂಗಡಿಯಲ್ಲಿ ಒಬ್ಬಳೇ ಕೂತಳು. ಒಂದು ಹೆಂಗಸಿನ ಮೈಯೊಳಗೆ, ಚರ್ಮದ ಕೆಳಗೆ, ಯಾರೋ ಕೂತು ಸಾಕು, ಸಾಕು ಎಂದು ಕೂಗುತ್ತಿರುವುದು, ಹೊರಗೆ ನಿಂತ ನಾವೆಲ್ಲ ಇನ್ನಷ್ಟು ತಿನ್ನಮ್ಮ ಎನ್ನುತ್ತಿರುವುದು. ಅಂಥದ್ದೊಂದು ಕಲ್ಪನೆ ಬಂದು, ನಡುಮಧ್ಯಾಹ್ನದಲ್ಲೇ ಎದ್ದು ಅಂಗಡಿಯ ದೀಪ ಹಾಕಿದಳು.

ಮರುವರ್ಷ ಕಗ್ಗದಾಸಪುರದ ಮಂಜುಳಮ್ಮನ ಮನೆಯಿಂದ ಕರೆ ಬಂತು. ಸೊಸೆ ಹಂಸಳಿಗೆ ಏಳು ತಿಂಗಳು, ಸೀಮಂತ. ಬಳೆ ತರಬೇಕು. ಮಂಜುಳಮ್ಮನವರು ಆ ಹಳ್ಳಿಯ ಹಳಬರು. ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಸೈಟುಗಳಾಗಿ, ಈಗ ಮೂರು ಅಂತಸ್ತಿನ ಮನೆ. ಮಗ ಸುನಿಲ್ ಸ್ವಂತ ಕ್ವಾಲಿಸ್ ಇಟ್ಟುಕೊಂಡು ಸಿ.ವಿ. ರಾಮನ್ ನಗರದ ಕಂಪನಿಗಳಿಗೆ ರಾತ್ರಿ ಪಾಳಿಯ ಜನರನ್ನು ಸಾಗಿಸುತ್ತಿದ್ದ. ಹಂಸಳ ಮದುವೆಗೂ ರಾಮಲಕ್ಷ್ಮಮ್ಮನ ಬಳೆಯೇ. ಆಗ ಎರಡು-ನಾಲ್ಕು.

"ಈಗ ಎರಡು-ಎಂಟು ತಗಂಬಾರಮ್ಮಿ," ಎಂದು ಹೇಳಿ ಕಳಿಸಿದ್ದಳು ಮಂಜುಳಮ್ಮ, ಹೆಮ್ಮೆಯಿಂದ.

ಎರಡು-ನಾಲ್ಕರಿಂದ ಎರಡು-ಎಂಟು. ಹೋಗುವ ದಾರಿಯುದ್ದಕ್ಕೂ ಆ ಎರಡು ಅಂಕಿಗಳು ಅವಳ ತಲೆಯಲ್ಲಿ ತಿರುಗಿದವು.

ಸೀಮಂತದ ದಿನ ಅವಳು ಪೆಟ್ಟಿಗೆ ಒಳಗೆ ಕೊಟ್ಟು ಹೊರಗಿನ ಜಗಲಿಯಲ್ಲಿ ಕೂತಳು. ಹೊಸ್ತಿಲಿನಾಚೆ ಅವಳಿಗೆ ಜಾಗವಿರಲಿಲ್ಲ. ಮುತ್ತೈದೆಯರು ಹಂಸಳ ಕೈಗೆ ಹಸಿರು ಬಳೆ ತೊಡಿಸಿದರು. ಜಗಲಿಗೆ ಸದ್ದು ಕೇಳಿಸಿತು, ಗಲಗಲ. ಕಿವಿಗೊಟ್ಟು ಆಲಿಸಿದಳು, ಸದ್ದು ಚೆನ್ನಾಗಿತ್ತು. ಆಮೇಲೆ ಬಯಕೆ ಊಟ. ಕಜ್ಜಾಯ, ಒಬ್ಬಟ್ಟು, ಚಿರೋಟಿ, ಒಬ್ಬೊಬ್ಬರೂ ಒಂದೊಂದು ತುತ್ತು.

"ಸಾಕು ಅತ್ತೆ," ಎಂದಿತು ಒಳಗಿನಿಂದ ಒಂದು ಎಳೆ ದನಿ.

"ಸಾಕಂತೆ ಸಾಕು! ಬಾಯಿ ತೆಗಿ. ನಿಂಗಲ್ಲ, ನನ್ ಮೊಮ್ಮಗನಿಗೆ."

"ಸಾಕು ಅತ್ತೆ, ಹೋಗಲ್ಲ."

ಎಲ್ಲರೂ ನಕ್ಕರು. ಜಗಲಿಯಲ್ಲಿ ಕೂತವಳು ನಗಲಿಲ್ಲ.

ಹದಿನೆಂಟು ದಿನ ಕಳೆದವು. ಅಂದು ಕಾರ್ತಿಕ ಅಮಾವಾಸ್ಯೆ. ಮಧ್ಯಾಹ್ನ ಹನ್ನೆರಡರ ಹೊತ್ತು, ಗಿರಣಿ ನಿಂತಿತ್ತು. ಹೊಲಿಗೆಯವನು ಊಟಕ್ಕೆ ಹೋಗಿದ್ದ. ರಾಮಲಕ್ಷ್ಮಮ್ಮ ಅಂಗಡಿಯೊಳಗೆ ಕೂತು ಎಲೆ ಅಡಿಕೆ ಮಡಿಸುತ್ತಿದ್ದಳು. ಹಿಂದಿನ ಗೋಡೆಯಿಂದ ಸದ್ದು ಬಂತು.

ಟಿಣ್.

ತಿರುಗಿ ನೋಡಿದಳು. ಮೊಳೆಯಲ್ಲಿ ಒಂಟಿ ಬಳೆ. ಗಾಳಿಯಿಲ್ಲ, ಕ್ಯಾಲೆಂಡರಿನ ಹಾಳೆ ಕೂಡ ಅಲ್ಲಾಡುತ್ತಿಲ್ಲ. ಬಳೆ ಗೋಡೆಗೆ ತಾಗಿದರೆ ಮಂಕಾಗಿ ಠಪ್ಪೆನ್ನಬೇಕು. ಇದು ಬಳೆಗೆ ಬಳೆ ತಾಗಿದ ಸದ್ದು, ಅವಳಿಗೆ ಅದು ಚೆನ್ನಾಗಿ ಗೊತ್ತು. ಮೂವತ್ತು ವರ್ಷ ಕೇಳಿದ ಕಿವಿ.

ಟಿಣ್, ಎಂದಿತು ಮತ್ತೆ. ಯಾವ ಬಳೆಗೆ ತಾಗಿತು? ಅಲ್ಲಿ ಇನ್ನೊಂದು ಬಳೆ ಇರಲಿಲ್ಲ.

ಹೆಬ್ಬೆರಳ ತುದಿ ತಣ್ಣಗಾಯಿತು. ಎಲೆ ಅಲ್ಲೇ ಬಿಟ್ಟು ಎದ್ದಳು. ಸೀಮಂತದಲ್ಲಿ ಉಳಿದ ಬಳೆಯ ಪೆಟ್ಟಿಗೆ ಕಗ್ಗದಾಸಪುರದಲ್ಲೇ ಇತ್ತು, ತರಲು ಹೋಗಬೇಕಿತ್ತು. ಅದೇ ನೆವ. ಬಸ್ಸು ಹತ್ತಿದಳು.

ಮಂಜುಳಮ್ಮನ ಅಂಗಳಕ್ಕೆ ಬಂದಾಗ ಎರಡು ಗಂಟೆ. ಹಂಸ ಒಣಗಿದ ಬಟ್ಟೆ ಎಳೆದೆಳೆದು ತೋಳಮೇಲೆ ಹಾಕಿಕೊಳ್ಳುತ್ತಿದ್ದಳು. ತಂತಿಯಿಂದ ಸೀರೆ ಎಳೆದಳು, ಕ್ಲಿಪ್ಪು ತೆಗೆದಳು, ಕೈ ಮೇಲೆತ್ತಿದಳು, ಇಳಿಸಿದಳು. ಯಾವುದಕ್ಕೂ ಸದ್ದಿಲ್ಲ. ಕೈಗೆ ಹದಿಮೂರರಂತೆ ಇಪ್ಪತ್ತಾರು ಗಾಜಿನ ಬಳೆ, ಮೂಗಿಯ ಹಾಗೆ.

"ಬಾ ಬಳೆ ಅಕ್ಕ," ಎಂದಳು ಹಂಸ. ಮುಖ ಊದಿ ಕಣ್ಣು ಸಣ್ಣಗಾಗಿದ್ದವು. ತನ್ನ ಮುಖದ ಒಳಗಿನಿಂದ ತಾನೇ ಇಣುಕಿ ನೋಡುತ್ತಿದ್ದ ಹಾಗೆ.

"ನೋಡ್ದಾ ಹೆಂಗೆ ತುಂಬ್ಕೊಂಡವ್ಳೆ!" ಮಂಜುಳಮ್ಮ ಮೊರ ಹಿಡಿದು ಹೊರಗೆ ಬಂದಳು. "ಲಕ್ಷ್ಮಿ ಕಳೆ ಬಂದೈತೆ ಮುಖಕ್ಕೆ. ಬಂದ ಹೊಸದ್ರಲ್ಲಿ ಕಡ್ಡಿ ಹಂಗಿದ್ಲು. ನಮ್ಮನೆ ಅನ್ನ ಅಂದ್ರೆ ಏನಂದ್ಕಂಡೆ?"

"ತಲೆನೋವು ಏನಾದ್ರೂ ಇದೆಯಾ ಮಗ?"

"ನಿನ್ನೆಯಿಂದ ಸಿಡೀತಾ ಇದೆ ಅಕ್ಕ. ಕಣ್ಣು ಮುಚ್ಚಿದ್ರೆ ಮಿಂಚುಹುಳ ಥರ ಹಾರ್ತವೆ. ಹಗಲಲ್ಲೇ."

"ಡಾಕ್ಟ್ರ ಹತ್ರ ಹೋಗಿದ್ರಾ ಮಂಜುಳಮ್ಮ?"

"ಮೊನ್ನೆ ಹೋಗ್ಬೇಕಿತ್ತು. ಅಮಾಸೆ ಕಳೀಲಿ ಅಂತ ಬಿಟ್ಟೆ. ತುಂಬಿದ ಬಸುರಿನ ಅಮಾಸೆ ಮುಂದೆ ಹೊರಗೆ ಕರ್ಕೊಂಡು ಹೋಗ್ತಾರಾ ಯಾರಾದ್ರೂ? ನಾಡಿದ್ದು ಹೋಗ್ತೀವಿ."

"ಇವತ್ತೇ ಹೋಗಿ. ಈಗ್ಲೇ."

"ಏನಮ್ಮಿ, ಬಳೆ ಮಾರಕ್ಕೆ ಬಂದ್ಯಾ, ಬಸುರಿ ನೋಡಕ್ಕೆ ಬಂದ್ಯಾ?" ಮಂಜುಳಮ್ಮನ ದನಿ ಗಟ್ಟಿಯಾಯಿತು. "ಪೆಟ್ಟಿಗೆ ತಗೊಂಡು ಹೊರಡು. ಹೊಸ್ತಿಲಾಚೆ ಕೂತ್ಕೋ ಅಂದ್ರೆ ಬಸುರಿ ಮೈಹತ್ರಕ್ಕೇ ಬಂದವ್ಳೆ."

ಪೆಟ್ಟಿಗೆ ತರಲು ಮಂಜುಳಮ್ಮ ಒಳಗೆ ತಿರುಗಿದಾಗ ರಾಮಲಕ್ಷ್ಮಮ್ಮ ಹಂಸಳ ಬಲಗೈ ಹಿಡಿದಳು. ಆರು ವರ್ಷದಿಂದ ಮುತ್ತೈದೆಯ ಕೈ ಮುಟ್ಟಿರಲಿಲ್ಲ. ಕೊನೆಯ ಬಳೆಯ ಹಿಂದೆ, ಮೊಳಕೈ ಕಡೆಗೆ, ಅದುಮಿ ಬಿಟ್ಟಳು. ಗುಳಿ. ಅರ್ಧ ಹುಣಸೆ ಬೀಜ ಹಿಡಿಯುವಷ್ಟು. ಮನಸ್ಸಲ್ಲೇ ಎಣಿಸಿದಳು. ಎಂಟು, ಒಂಬತ್ತು, ಹತ್ತು. ಅದೇ ಗುಳಿ, ಅದೇ ಆಳ. ಹನ್ನೆರಡು ವರ್ಷದ ಹಿಂದಿನ ಕೈಯನ್ನೇ ಮತ್ತೆ ಹಿಡಿದ ಹಾಗಾಯಿತು. ಆದರೆ ಈ ಕೈ ಬೆಚ್ಚಗಿತ್ತು. ಬೆರಳುಗಳು ನೀಲಿಗಟ್ಟಿದ್ದವು.

"ಬಳೆ ಬಿಗಿಯಾಗ್ತಿಲ್ವಾ ತಾಯಿ?"

"ಬಿಗಿ ಅಂದ್ರೆ ಬಿಗಿ. ತೆಗೀಬಾರ್ದಂತಲ್ಲ. ಹೆರಿಗೆವರೆಗೂ ಸೀಮಂತದ ಬಳೆ ಕೈ ಬಿಡಬಾರ್ದು ಅಂತಾರೆ ಅತ್ತೆ."

ತೆಗೆಯಲು ಸಾಧ್ಯವೂ ಇರಲಿಲ್ಲ. ಒಡೆಯಬೇಕು. ಬದುಕಿರುವ ಗಂಡನ ಹೆಂಡತಿಯ ಹಸಿರು ಬಳೆಯನ್ನು, ಅಮಾವಾಸ್ಯೆಯ ದಿನ, ವಿಧವೆಯೊಬ್ಬಳು ಒಡೆಯುವುದು. ಅದರರ್ಥ ಏನೆಂದು ರಾಮಲಕ್ಷ್ಮಮ್ಮನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಬಾಯಲ್ಲಿ ಹೇಳಿದ್ದನ್ನು ಈ ಮನೆ ಕೇಳುವುದಿಲ್ಲ. ಬಳೆ ಒಡೆದ ಸದ್ದು ಮಾತ್ರ ಕೇಳಿಸಲಿಲ್ಲ ಎಂದು ಯಾರೂ ಅನ್ನುವಂತಿಲ್ಲ.

ತಂತಿಯ ಮೇಲಿದ್ದ ಹಸಿ ಟವೆಲ್ಲು ಎಳೆದು ಮಣಿಕಟ್ಟಿಗೆ ಸುತ್ತಿದಳು.

"ಏನಕ್ಕ?"

"ಕಣ್ಣು ಮುಚ್ಕೋ ಮಗ. ನೋಯಲ್ಲ."

ಪಟ್. ಪಟ್. ಪಟ್. ಹದಿಮೂರೂ ಹೋದವು. ಎಡಗೈ ಹಿಡಿಯುವಷ್ಟರಲ್ಲಿ ಮಂಜುಳಮ್ಮ ಪೆಟ್ಟಿಗೆ ಹಿಡಿದು ಬಾಗಿಲಿಗೆ ಬಂದಿದ್ದಳು. ಪೆಟ್ಟಿಗೆ ಕೈಜಾರಿ ಬಿತ್ತು.

"ಅಯ್ಯೋ ಮುಂಡೆ! ನನ್ ಮಗ ಬದುಕವ್ನೆ ಕಣೇ! ಬದುಕಿರೋನ ಹೆಂಡ್ತಿ ಬಳೆ ಒಡೆದ್ಯಲ್ಲೇ!"

ಕೂಗಿಗೆ ಬಾಡಿಗೆ ಮನೆಗಳ ಬಾಗಿಲು ತೆರೆದವು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಸುನಿಲ್ ಲುಂಗಿಯಲ್ಲೇ ಓಡಿಬಂದ. ಮಂಜುಳಮ್ಮ ಮಗನನ್ನು ತಬ್ಬಿಕೊಂಡು ಮೈಯೆಲ್ಲ ತಡವಿ ಅಳತೊಡಗಿದಳು.

"ಅಮ್ಮ, ನಾನಿಲ್ಲೇ ನಿಂತಿದೀನಲ್ಲಮ್ಮ. ಏನಾಯ್ತು?"

"ನನ್ನನ್ನ ಆಮೇಲೆ ಹೊಡಿ ಮಗ," ಎಂದಳು ರಾಮಲಕ್ಷ್ಮಮ್ಮ. "ಮೊದಲು ಇವಳ ಕೈ ನೋಡು."

ಟವೆಲ್ಲು ತೆಗೆದಳು. ಮಣಿಕಟ್ಟಿನ ಸುತ್ತ ಹದಿಮೂರು ಗೆರೆಗಳು ಬೆರಳಾಡುವಷ್ಟು ಆಳಕ್ಕಿಳಿದಿದ್ದವು. ಬಳೆ ಹೋದರೂ ಬಳೆಯ ಜಾಗ ಹೋಗಿರಲಿಲ್ಲ, ಕಾಣದ ಬಳೆ ತೊಟ್ಟುಕೊಂಡ ಹಾಗೆ. ಅವಳು ಎಲ್ಲರ ಮುಂದೆ ಹೆಬ್ಬೆರಳಿಂದ ಅದುಮಿ, ಗಟ್ಟಿಯಾಗಿ ಎಣಿಸಿದಳು. "ಒಂದು. ಎರಡು. ಮೂರು..." ಎಲ್ಲರ ಕಣ್ಣು ಆ ಗುಳಿಯ ಮೇಲೆ. ಹನ್ನೆರಡಕ್ಕೂ ಏಳಲಿಲ್ಲ. ಮಂಜುಳಮ್ಮನ ಅಳು ನಿಂತಿತು.

"ಹಲಸೂರಲ್ಲಿ ಯಮುನಾ ಡಾಕ್ಟ್ರಿದಾರೆ," ಎಂದಳು ರಾಮಲಕ್ಷ್ಮಮ್ಮ. ಸುನಿಲ್ ಆಗಲೇ ಗಾಡಿಯ ಕೀ ತರಲು ಓಡಿದ್ದ.

ಹಳೆ ಮದ್ರಾಸ್ ರಸ್ತೆಯ ಸಿಗ್ನಲಿನಲ್ಲಿ ಹಂಸ ಒಮ್ಮೆ "ಅತ್ತೆ, ಕತ್ಲೆ ಯಾಕಾಯ್ತು?" ಎಂದಳು. ಹೊರಗೆ ಮೂರು ಗಂಟೆಯ ಬಿಸಿಲು. ಮರುಗಳಿಗೆ ದವಡೆ ಕಚ್ಚಿಕೊಂಡಿತು, ಮೈ ಬಿಲ್ಲಿನ ಹಾಗೆ ಸೆಟೆಯಿತು. ಮಂಜುಳಮ್ಮ ಸೊಂಟದಿಂದ ಬೀಗದಕೈ ಗೊಂಚಲು ಕಿತ್ತು ಸೊಸೆಯ ಕೈಗೆ ತುರುಕಹೋದಳು. ರಾಮಲಕ್ಷ್ಮಮ್ಮ ಆ ಕೈಯನ್ನು ಹಿಡಿದು ನಿಲ್ಲಿಸಿದಳು. "ಬೇಡ ಮಂಜುಳಮ್ಮ. ಹಿಂದೊಂದ್ಸಲ ಒಬ್ಬಳ ಕೈಗೆ ಕೊಟ್ರು, ಉಳೀಲಿಲ್ಲ." ಡಾಕ್ಟರಮ್ಮ ಎಂದೋ ಹೇಳಿದ್ದು ನೆನಪಾಗಿ ಹಂಸಳನ್ನು ಎಡಮಗ್ಗುಲಿಗೆ ಹೊರಳಿಸಿ ಹಿಡಿದಳು. ಎಡಗೈಯ ಹದಿಮೂರು ಬಳೆ ಇನ್ನೂ ಇದ್ದವು. ಮೈ ಅಷ್ಟು ಅದುರುತ್ತಿದ್ದರೂ ಅವು ಸದ್ದು ಮಾಡಲಿಲ್ಲ.

ಕ್ಲಿನಿಕ್ಕಿನಲ್ಲಿ ಸೂಜಿ ಚುಚ್ಚಿದರು. ಬಿಪಿ ನೂರ ಎಂಬತ್ತು ದಾಟಿತ್ತು, ಸಕ್ಕರೆಯೂ ಏರಿತ್ತು. ಡಾಕ್ಟರಮ್ಮ ತಾವೇ ಗಾಡಿ ಹತ್ತಿ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಸಂಜೆ ಐದೂವರೆಗೆ ಹೊಟ್ಟೆ ಕೊಯ್ದು ಮಗು ತೆಗೆದರು. ಹೆಣ್ಣು. ಹನ್ನೆರಡು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಹಂಸಳಿಗೆ ಮೂರನೆಯ ದಿನ ಪೂರ್ತಿ ಎಚ್ಚರವಾಯಿತು. ಎರಡು ಜೀವವೂ ಉಳಿದವು. ಮುಂದೆ ವರ್ಷಕ್ಕೊಮ್ಮೆ ಸಕ್ಕರೆ ನೋಡಿಸಿಕೊಳ್ಳಬೇಕು, ಮೈ ತಿಳಿದು ಉಣ್ಣಬೇಕು ಎಂದು ಡಾಕ್ಟರಮ್ಮ ಬರೆದುಕೊಟ್ಟರು.

ಆದರೆ ರಾಮಲಕ್ಷ್ಮಮ್ಮನ ಅಂಗಡಿಗೆ ಗಿರಾಕಿ ಬರುವುದು ನಿಂತಿತು. ಮುತ್ತೈದೆಯ ಬಳೆ ಒಡೆದವಳು ಎಂಬ ಹೆಸರು ಕೆ.ಆರ್. ಪುರದವರೆಗೂ ಹೋಯಿತು. ಯಾಕೆ ಒಡೆದಳು ಎಂಬುದು ಹಲಸೂರನ್ನೂ ದಾಟಲಿಲ್ಲ.

"ಹೊಸಾ ಮಾಲು ಬೇಡ್ವಾ ಅಮ್ಮಾ?" ಎಂದ ಅಸ್ಗರ್.

"ಹಳೇದೇ ಹಾಗೇ ಇದೆ ಅಸ್ಗರಣ್ಣ."

ಮಂಜುಳಮ್ಮ ಅವಳ ಮುಖ ನೋಡಲಿಲ್ಲ, ಮಾತೂ ಆಡಲಿಲ್ಲ. ಒಡೆದ ಬಳೆಯನ್ನು ಒಡೆಯಲಿಲ್ಲ ಎನ್ನಲು ಅವಳಿಂದಾಗದು. ಉಳಿದ ಸೊಸೆಯನ್ನು ಉಳಿಯಲಿಲ್ಲ ಎನ್ನಲೂ ಆಗದು. ಅವಳು ಅದಕ್ಕೊಂದು ದಾರಿ ಮಾಡಿಕೊಂಡಳು. ಮರುವರ್ಷ ತನ್ನ ನಾದಿನಿಯ ಮಗಳು ಬಸುರಿಯಾದಾಗ ಕಿವಿಯಲ್ಲಿ ಹೇಳಿದಳಂತೆ: "ಹಲಸೂರಲ್ಲಿ ಆ ಬಳೆಯೋಳ ಅಂಗಡಿ ಐತೆ. ಮಧ್ಯಾಹ್ನ ಶಟರ್ ಅರ್ಧ ಎಳ್ಕೊಂಡು ಒಳಗೆ ಕೂತಿರ್ತಾಳೆ. ಕೆಳಗಿಂದ ಕೈ ಕೊಡು. ಮುಖ ನೋಡ್ಬೇಡ, ನಿನ್ ಮುಖ ತೋರಿಸ್ಬೇಡ. ಅವಳೇನು ಹೇಳ್ತಾಳೋ ಹಂಗೆ ಮಾಡು."

ಹಾಗೆ ಶುರುವಾಯಿತು. ಮಧ್ಯಾಹ್ನ ಗಿರಣಿ ನಿಂತ ಹೊತ್ತಿಗೆ, ಮೊಣಕಾಲೆತ್ತರಕ್ಕೆ ಇಳಿಸಿದ ಶಟರಿನ ಕೆಳಗಿಂದ ಒಂದು ಕೈ ಒಳಗೆ ಬರುತ್ತದೆ. ಬರೀ ಕೈ. ಹೊರಗೆ ಎರಡು ಪಾದ. ಮಾತಿಲ್ಲ. ನೆಲದ ಮೇಲೆ ಕೂತ ರಾಮಲಕ್ಷ್ಮಮ್ಮ ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅದುಮಿ ಎಣಿಸುತ್ತಾಳೆ. ಕೈ ನೋಡಿದರೆ ಯಾರೆಂದು ಅವಳಿಗೆ ಗೊತ್ತಾಗುತ್ತದೆ, ಗೊತ್ತಿಲ್ಲದವಳಂತೆ ಇರುತ್ತಾಳೆ. "ಎದ್ದಿತು ಹೋಗು. ತಿಂಗಳ ತಪಾಸಣೆ ಮಾತ್ರ ಬಿಡ್ಬೇಡ" ಎನ್ನುತ್ತಾಳೆ. ಇಲ್ಲವೇ, "ಮನೆಗೆ ಹೋಗ್ಬೇಡ. ಹಿಂಗೇ ಎದುರು ಬೀದಿಗೆ ನಡಿ, ಡಾಕ್ಟರಮ್ಮ ಇದ್ದಾರೆ" ಎನ್ನುತ್ತಾಳೆ. ಕೈ ಹಿಂದಕ್ಕೆ ಹೋಗುತ್ತದೆ.

ಶಟರ್ ಎತ್ತಿ ಒಳಗೆ ಬಂದವಳು ಹಂಸ ಒಬ್ಬಳೇ, ಮಗಳನ್ನು ಸೊಂಟದ ಮೇಲಿಟ್ಟುಕೊಂಡು. ಅವಳ ಕೈ ಎರಡು-ಆರಕ್ಕೆ ಇಳಿದಿತ್ತು. "ನೀನೇ ತೊಡಿಸು ಅಕ್ಕ," ಎಂದು ಕೈ ಚಾಚಿದಳು. ರಾಮಲಕ್ಷ್ಮಮ್ಮ ಬಹಳ ಹೊತ್ತು ಸೋಪಿನ ನೀರು ಕಲಸಿದಳು. ಮಣಿಕಟ್ಟಿನಲ್ಲಿ ಆ ಹದಿಮೂರು ಗೆರೆಗಳು ಮಾಸಿದ್ದವು. 

ಒಂಟಿ ಬಳೆ ಇವತ್ತಿಗೂ ಮೊಳೆಯಲ್ಲಿದೆ. ಅದು ಇದುವರೆಗೆ ನಾಲ್ಕು ಸಲ ಸದ್ದು ಮಾಡಿದೆ. ಮೊದಲನೆಯದು ಹಂಸಳದು. ಎರಡು ಮತ್ತು ಮೂರನೆಯ ಸಲ, ಸದ್ದಾದ ಮರುದಿನವೇ ಏಳದ ಗುಳಿಯ ಕೈ ಬಂತು, ಇಬ್ಬರೂ ಹೊತ್ತಿಗೆ ಸರಿಯಾಗಿ ಎದುರು ಬೀದಿ ಸೇರಿದರು. ನಾಲ್ಕನೆಯ ಸಲ ಸದ್ದಾಗಿ ಇಂದಿಗೆ ಮೂರು ದಿನ. ಕೈ ಇನ್ನೂ ಬಂದಿಲ್ಲ. ರಾಮಲಕ್ಷ್ಮಮ್ಮ ಊಟಕ್ಕೂ ಏಳದೆ, ಶಟರನ್ನು ಮೊಣಕಾಲೆತ್ತರಕ್ಕೆ ಇಳಿಸಿಕೊಂಡು ಕೂತಿದ್ದಾಳೆ. ಸಂದಿಯಲ್ಲಿ ಹೆಂಗಸರು ಓಡಾಡುತ್ತಾರೆ, ಗಲಗಲ, ಗಲಗಲ. ಅವಳು ಆ ಸದ್ದುಗಳನ್ನೆಲ್ಲ ಬಿಟ್ಟು, ಸದ್ದಿಲ್ಲದೆ ಹಾದುಹೋಗುವ ನೆರಳಿಗಾಗಿ ಕಿವಿಗೊಟ್ಟಿದ್ದಾಳೆ. ಈ ಸಲ ಕರೆಯದೆ ಬಿಡುವುದಿಲ್ಲ.